ಕಡವಿನವರೆಗೆ ಓಡಿಹೋದ ಮಂಜಯ್ಯ

ಕೋಟದ ಶಾಲೆಗೆ ವರ್ಗವಾಗಿ ಬಂದ ಮಾಸ್ತರರು ಡ್ರೈವರ್ ಮಂಜಯ್ಯನನ್ನು ಮೊದಲ ಸಲ ಕಂಡದ್ದು ೧೯೫೮ನೆಯ ಇಸವಿಯ ಜೂನ್ ತಿಂಗಳಿನ ಒಂದು ಬೆಳಗ್ಗೆ, ಕುಂದಾಪುರದಲ್ಲಿ. ಎಂಟೂವರೆಯ ಬಸ್ಸು ಆಗಲೇ ಹೊರಟಿತ್ತು. ಮಾಸ್ತರರ ಒಂದು ಕೈಯಲ್ಲಿ ತಗಡಿನ ಟ್ರಂಕು, ಕಂಕುಳಲ್ಲಿ ಹಾಸಿಗೆಯ ಸುರುಳಿ, ಇನ್ನೊಂದು ಕೈಯಲ್ಲಿ ಕೊಡೆ. ಶಾಲೆ ತೆರೆಯುವ ದಿನವೇ ತಡವಾದರೆ ಹೆಡ್ಮಾಸ್ತರರಿಗೆ ಮುಖ ತೋರಿಸುವುದು ಹೇಗೆಂದು ಅವರು ಕೊಡೆಯನ್ನು ಎತ್ತಿ ಬೀಸುತ್ತ ಬಸ್ಸಿನ ಹಿಂದೆ ಓಡಿದರು. ಬಸ್ಸು ನಿಂತಿತು. ನಿಂತು, ಇಪ್ಪತ್ತು ಗಜ ಹಿಂದಕ್ಕೂ ಬಂದಿತು. ಟ್ರಂಕು, ಕೊಡೆ ನೋಡಿಯೇ ಕಸುಬನ್ನು ಊಹಿಸಿದ ಒಂದು ದುಂಡುಮುಖ ಡ್ರೈವರನ ಕಿಟಕಿಯಿಂದ ಹೊರಗೆ ಬಂತು.

“ಓಡ್ಬ್ಯಾಡಿ ಮಾಸ್ಟ್ರೆ, ನಿಧಾನಕ್ಕೆ ಬನ್ನಿ. ನಿಮ್ಮನ್ ಬಿಟ್ಟ್ ಈ ಬಸ್ಸ್ ಎಲ್ಲಿಗೂ ಹೋತಿಲ್ಲ.”

“ಹೋತಿಲ್ಲ ಅಂದ್ರೆ ಹ್ಯಾಂಗೆ ಮಂಜಯ್ಯಣ್ಣ?” ಎಂದು ಕಂಡಕ್ಟರ್ ಶೀನನು ಹಿಂದಿನ ಬಾಗಿಲಿನಿಂದ ಕೂಗಿದನು. “ಕೋಟೇಶ್ವರ ಮುಟ್ಟುದ್ರೊಳಗೆ ಇನ್ನೂ ಹತ್ತ್ ಜನ ಕೈ ಎತ್ತುವ್ರ್ ಇದ್ರ್. ಎಲ್ಲರಿಗೂ ಹಿಂದೆ ಬಂದ್ರೆ ನಾವ್ ಇವತ್ತಿನ ಹೊಳಿ ಕಾಂಬುದ್ ನಾಳೆ!”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಂಜಯ್ಯನೂ ನಕ್ಕನು. ಆದರೆ ಕೋಟೇಶ್ವರದ ಮುಂಚೆ ಒಬ್ಬ ಮುದುಕಿ ಸೊಪ್ಪಿನ ಹೊರೆ ಇಳಿಸಿ ಕೈ ಎತ್ತಿದಾಗ ಬಸ್ಸು ಮತ್ತೆ ನಿಂತಿತು.

ಅವನ ಅಭ್ಯಾಸವೇ ಹಾಗೆ. ರಸ್ತೆಯ ಬದಿಯಲ್ಲಿ ಎತ್ತಿದ ಕೈಯನ್ನು ಬಿಟ್ಟು ಹೋದವನಲ್ಲ. ಕೋಟೇಶ್ವರದ ಹತ್ತಿರ ಎರಡು ಗದ್ದೆಗಳ ಸಣ್ಣ ಮನೆಯವನು. ಹದಿನಾರನೆಯ ವರ್ಷದಲ್ಲಿ ಲಾರಿಯ ಕ್ಲೀನರನಾಗಿ ಸೇರಿ, ಹ್ಯಾಂಡಲು ತಿರುಗಿಸಿ ತೋಳು ಬೆಳೆಸಿಕೊಂಡು, ಇಪ್ಪತ್ತೆಂಟಕ್ಕೆ ಬಸ್ಸಿನ ಡ್ರೈವರನಾದನು. ಅಂಗಿಯ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಪ್ರತಿ ಆದಿತ್ಯವಾರ ಹೆಂಡತಿ ಸರಸ ಅದನ್ನು ಹುಣಿಸೆಹುಳಿಯಲ್ಲಿ ತಿಕ್ಕಿ ಹೊಳೆಯಿಸಿ ಕೊಡುತ್ತಿದ್ದಳು. ಅವನ ಲೈಸನ್ಸಿನ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ. ಊರಿನಲ್ಲಿ ಅವನಿಗೆ ಆಸ್ತಿಯೆಂದರೆ ಅದೇ.

ಆಗ ಮಾಬುಕಳದ ಹೊಳೆಗೆ ಸೇತುವೆಯಾಗಿರಲಿಲ್ಲ. ಕುಂದಾಪುರದಿಂದ ಹೊರಟ ಬಸ್ಸು ಕೋಟೇಶ್ವರ, ಕೋಟ, ಸಾಲಿಗ್ರಾಮ ದಾಟಿ ಹೊಳೆಯ ದಡದಲ್ಲಿ ನಿಲ್ಲುತ್ತಿತ್ತು. ಜನರು ಕಡವಿನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ, ಬ್ರಹ್ಮಾವರದ ಕಡೆಗೆ ಹೋಗುವ ಇನ್ನೊಂದು ಬಸ್ಸನ್ನು ಹಿಡಿಯುತ್ತಿದ್ದರು. ಈಚೆ ದಡದ ಲೈನಿನಲ್ಲಿ ಸೌಕಾರ್ ಪ್ರೇಮಾನಂದರ ಎರಡು ಬಸ್ಸುಗಳು ಓಡುತ್ತಿದ್ದವು. ಒಂದನ್ನು ಓಡಿಸುತ್ತಿದ್ದವನು ಮಂಜಯ್ಯ. ಇನ್ನೊಂದನ್ನು ಓಡಿಸುತ್ತಿದ್ದವನು ಕಿಟ್ಟ. ಕಿಟ್ಟನು ಸರಸಳ ಅಣ್ಣ, ಮಂಜಯ್ಯನಿಗೆ ಭಾವ. ಮಂಜಯ್ಯನನ್ನು ಸೌಕಾರರ ಹತ್ತಿರ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದವನೂ ಅವನೇ, ತಂಗಿಯನ್ನು ಕೊಡಿಸಿದವನೂ ಅವನೇ. ದಿನಕ್ಕೆ ನಾಲ್ಕು ಸಲ ಭಾವಂದಿರ ಬಸ್ಸುಗಳು ದಾರಿಯಲ್ಲಿ ಎದುರುಬದುರಾಗುತ್ತಿದ್ದವು.

ಎದುರಾದಾಗ ಡ್ರೈವರರು ಮಾತಾಡುತ್ತಿದ್ದುದು ಕೈಯಲ್ಲಿ. ಇಂಜಿನಿನ ಸದ್ದಿನಲ್ಲಿ ಬಾಯಿಮಾತು ಯಾರಿಗೆ ಕೇಳಬೇಕು? ಕಿಟಕಿಯಿಂದ ಬಲತೋಳನ್ನು ಹೊರಗೆ ಚಾಚಿ ಅಂಗೈಯನ್ನು ಕೆಳಕ್ಕೆ ಒತ್ತಿದರೆ ಮುಂದೆ ಪೊಲೀಸರು ತಲೆ ಎಣಿಸುತ್ತಿದ್ದಾರೆ, ಭಾರ ಇಳಿಸು ಎಂದರ್ಥ. ಅಂಥ ಸನ್ನೆ ಸಿಕ್ಕಿದರೆ ಮೂವತ್ತೈದಕ್ಕಿಂತ ಹೆಚ್ಚಿದ್ದ ಜನರು ತಾವಾಗಿಯೇ ಇಳಿದು, ಗದ್ದೆಯ ಬದುವಿನಲ್ಲಿ ನಡೆದು, ತಿರುವು ಕಳೆದ ಮೇಲೆ ಮತ್ತೆ ಬಸ್ಸು ಹತ್ತುತ್ತಿದ್ದರು. ಅದರಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಬೊಗಸೆಯಂತೆ ಕೈ ಮಾಡಿದರೆ ರಸ್ತೆಯಲ್ಲಿ ನೀರು ನಿಂತಿದೆ. ಮುಷ್ಟಿ ತೋರಿಸಿದರೆ ಎತ್ತಿನ ಗಾಡಿ ಅಡ್ಡ ಇದೆ. ಈ ಕೈಮಾತು ಡ್ರೈವರರದೇ ಸೊತ್ತು. ಮಾಲಕರ ಎದುರಿನಲ್ಲಿಯೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

೧೯೫೯ರ ಕೊನೆಯಲ್ಲಿ ಇದಕ್ಕೆ ಇನ್ನೊಂದು ಸನ್ನೆ ಸೇರಿತು. ಸಾಲಿಗ್ರಾಮ ದಾಟಿದ ಮೇಲಿನ ತಿರುವಿನಲ್ಲಿ ಕೆಲಸವಿಲ್ಲದ ಇಬ್ಬರು ಪಡ್ಡೆಗಳು ಎಲ್ಲಿಂದಲೋ ಹಳೆಯ ಖಾಕಿ ಅಂಗಿ, ಸೊಂಟದ ಪಟ್ಟಿ ಸಂಪಾದಿಸಿ, ಗಾಡಿಗಳನ್ನು ನಿಲ್ಲಿಸಿ ತನಿಖೆ ಮಾಡತೊಡಗಿದರು. ತನಿಖೆಯೆಂದರೆ ಬಸ್ಸಿನ ಮೇಲೆ ಹತ್ತಿ ಒಂದು ಬಾಳೆಗೊನೆಯನ್ನೋ ಒಂದು ಕೋಳಿಯನ್ನೋ ಇಳಿಸಿಕೊಳ್ಳುವುದು. ಎಲ್ಲ ಕೈಗಳಿಗೂ ನಿಲ್ಲುವ ಮಂಜಯ್ಯನು ಅವರಿಗೂ ಎರಡು ಸಲ ನಿಂತನು. ಪಾಂಡೇಶ್ವರದ ಕುಸುಮಾವತಿಯಮ್ಮನ ಗೊನೆ ಹಾಗೆಯೇ ಹೋಯಿತು. ಆಕೆ ಕಡವು ಮುಟ್ಟುವವರೆಗೂ ಮಂಜಯ್ಯನನ್ನು ಬಯ್ದಳು.

ಆ ದಿನ ಕಿಟ್ಟನು ಭಾವನ ಮನೆಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕನು. ಅವನು ಜಗಲಿಯಲ್ಲಿ ಕೂರುವವನೇ ಅಲ್ಲ. ಬಂದವನು ನೇರವಾಗಿ ಅಡುಗೆಮನೆಗೆ ಹೋಗಿ ತಂಗಿಯ ಒಲೆಯ ಬುಡದಲ್ಲಿ ಮಣೆ ಎಳೆದುಕೊಳ್ಳುತ್ತಿದ್ದನು.

“ಸರಸ, ನಿನ್ನ ಗಂಡ ಕಾಕಿ ಬಟ್ಟೆ ಹಾಕಿದ ಬೆದರುಬೊಂಬೆಗೂ ಬ್ರೇಕ್ ಒತ್ತ್ತಾ! ಹ್ವಾಯ್ ಬಾವ, ಇನ್ನ್ ಮೇಲೆ ಹೀಂಗ್ ಮಾಡುವ. ಅಲ್ಲಿಪ್ಪುದ್ ಕಳ್ಳ ಕಾಕಿ ಆದ್ರೆ ನಾನ್ ಖಾಲಿ ಅಂಗೈ ಎರಡ್ ಸಲ ಮಗ್ಚಿ ತೋರ್ಸ್ತೆ. ನೀನ್ ನಿಲ್ಸುದೇ ಬ್ಯಾಡ, ಒತ್ತಿ ಬಿಡ್.”

“ನೀನ್ ಸಮಾ ಕಾಣ್ಕ್ ಮಾರಾಯ, ಅಷ್ಟೆ” ಎಂದನು ಮಂಜಯ್ಯ.

“ನನ್ನ ಕಣ್ಣಿಗೆ ಎಂತ ಆಯ್ತ್?”

ಹೀಗೆ ಆ ಸನ್ನೆ ಹುಟ್ಟಿತು. ಜನವರಿಯಲ್ಲಿ ಎರಡು ಸಲ ಕಿಟ್ಟನು ಅಂಗೈ ಮಗುಚಿದನು. ಎರಡು ಸಲವೂ ಮಂಜಯ್ಯನು ಕಳ್ಳ ಖಾಕಿಗಳ ಮುಂದೆ ಹಾರ್ನು ಒತ್ತಿ ಹಾದುಹೋದನು. ಬಸ್ಸಿನವರು ಚಪ್ಪಾಳೆ ತಟ್ಟಿದರು.

ಅದೇ ತಿಂಗಳಿನಲ್ಲಿ ಸೌಕಾರ್ ಪ್ರೇಮಾನಂದರು ಒಂದು ಮಾತು ಹೊರಗೆ ಹಾಕಿದರು. ಬೈಂದೂರಿನ ಕಡೆಯ ಲೈನಿಗೆ ಹೊಚ್ಚ ಹೊಸ ಬಸ್ಸು ಬರುತ್ತದೆ. ಮೆತ್ತನೆಯ ಸೀಟು, ಎಲೆಕ್ಟ್ರಿಕ್ ಹಾರ್ನು. ಅದನ್ನು ಒಂದೇ ಒಂದು ಪೊಲೀಸು ಕೇಸೂ ಇಲ್ಲದ ಡ್ರೈವರನ ಕೈಗೆ ಕೊಡುವುದು. ಕಿಟ್ಟನ ಲೈಸನ್ಸಿನಲ್ಲಿ ಹೆಚ್ಚು ಜನ ತುಂಬಿದ್ದಕ್ಕಾಗಿ ಬಿದ್ದ ಒಂದು ಕೇಸು ಮೊದಲೇ ಇತ್ತು. ಆದುದರಿಂದ ಆ ಬಸ್ಸು ಯಾರದೆಂದು ಸೌಕಾರರು ಹೆಸರು ಹೇಳಬೇಕಾಗಿರಲಿಲ್ಲ. ಕಿಟ್ಟನೇ ಎಲ್ಲರ ಮುಂದೆ ಮಂಜಯ್ಯನ ಬೆನ್ನು ತಟ್ಟಿ, “ನಮ್ಮ ಬಾವನಿಗೆ ಬಂತ್, ನಂಗೇ ಬಂದ ಹಾಂಗೆ” ಎಂದನು. ಮಂಜಯ್ಯನು ಅದನ್ನು ಅಕ್ಷರ ಅಕ್ಷರ ನಂಬಿದನು.

ಫೆಬ್ರವರಿಯ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಯ ಸಮಯ. ಮಂಜಯ್ಯನ ಬಸ್ಸಿನಲ್ಲಿ ಐವತ್ತು ಜನರಿಗೆ ಕಡಿಮೆಯಿರಲಿಲ್ಲ. ಸಾಲಿಗ್ರಾಮದ ಪೇಟೆಯನ್ನು ದಾಟುತ್ತಿದ್ದಂತೆ ಎದುರಿನಿಂದ ಕಿಟ್ಟನ ಬಸ್ಸು ಬಂತು. ಕಿಟ್ಟನ ತೋಳು ಹೊರಗೆ ಚಾಚಿತು. ಖಾಲಿ ಅಂಗೈ. ಒಂದು ಸಲ ಮಗುಚಿತು; ಇನ್ನೊಂದು ಸಲ ಮಗುಚಿತು. ಎರಡು ಬಸ್ಸುಗಳೂ ಧೂಳೆಬ್ಬಿಸಿ ಒಂದನ್ನೊಂದು ದಾಟಿದವು.

ಮಂಜಯ್ಯನು ಯಾರನ್ನೂ ಇಳಿಸಲಿಲ್ಲ. ತಿರುವಿನಲ್ಲಿ ಖಾಕಿಯವನೊಬ್ಬನು ಕೈ ಎತ್ತಿ ನಿಂತಿದ್ದನು. ಮಂಜಯ್ಯನು ಕಾಲನ್ನು ಒತ್ತಿ ವೇಗ ಏರಿಸಿದನು. ಖಾಕಿಯವನು ಪಕ್ಕಕ್ಕೆ ಸರಿಯುವ ಬದಲು ರಸ್ತೆಯ ನಡುವಿಗೆ ಎರಡು ಹೆಜ್ಜೆ ಬಂದನು. ಮಂಜಯ್ಯನು ಬಸ್ಸನ್ನು ಎಡಕ್ಕೆ ಎಳೆದನು. ಆ ಮನುಷ್ಯನು ಹಾರಿ ಮುಂಡುಕನ ಪೊದೆಯೊಳಗೆ ಬಿದ್ದನು.

“ಹ್ವಾಯ್ ಮಂಜಯ್ಯಣ್ಣಾ!” ಶೀನನು ಹಿಂದಿನ ಬಾಗಿಲಿನಿಂದ ಕೂಗಿದನು. “ಅವ್ನ್ ತಲೆ ಮೇಲೆ ಟೊಪ್ಪಿ ಇದ್ದಿತ್ತ್ ಮಾರಾಯ್ರೆ! ಕಳ್ಳರಿಗೆ ಟೊಪ್ಪಿ ಇರ್ಲಿಲ್ಲ!”

“ಟೊಪ್ಪಿಯೂ ಕದ್ದಿಪ್ಪುರ್. ಕಿಟ್ಟ ತೋರ್ಸ್ದಾ, ನೀನ್ ಕಾಣ್ಲಿಲ್ಯಾ?”

ಕಡವು ಮೂರು ಮೈಲಿ. ಬಸ್ಸು ಎಂದಿನಂತೆ ದಡದ ಗೋಳಿಮರದ ಕೆಳಗೆ ನಿಂತಿತು. ಜನರು ದೋಣಿ ಹತ್ತಿದರು. ಮಂಜಯ್ಯನು ಮುಖ ತೊಳೆದುಕೊಂಡು ಚಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಗೋಳಿಬಜೆಗೆ ಹೇಳಿದನು. ಅದು ಎಣ್ಣೆಯಿಂದ ಮೇಲೆ ಬರುವುದರೊಳಗೆ ಒಂದು ಬಾಡಿಗೆ ಕಾರು ಬಂದು ನಿಂತಿತು. ಅದರಿಂದ ದಫೇದಾರರು ಇಳಿದರು. ಹಿಂದೆ, ಮೊಣಕೈಯಿಂದ ರಕ್ತ ಒಸರುತ್ತಿದ್ದ ಪೇದೆ. ಅವನ ಟೊಪ್ಪಿಯ ಮೇಲಿನ ಬಿಲ್ಲೆಯನ್ನು ಕಂಡೊಡನೆ ಮಂಜಯ್ಯನು ಕೈಯಲ್ಲಿದ್ದ ಚಾ ಗ್ಲಾಸನ್ನು ಬೆಂಚಿನ ಮೇಲಿಟ್ಟನು.

“ಯಾರಯ್ಯ, ಓಡಿಹೋದ ಡ್ರೈವರ್?” ಎಂದರು ದಫೇದಾರರು.

“ಓಡಿ ಹೋಪವ್ನ್ ಇಲ್ಲಿ ಕೂತ್ ಚಾ ಕುಡಿತ್ನಾ ಸ್ವಾಮಿ?” ಎಂದು ಚಾ ಅಂಗಡಿಯವನು ನಡುವೆ ಬಾಯಿ ಹಾಕಿದನು. “ಮುಂದೆ ಹೊಳಿ. ಇವ್ನ್ ಬಸ್ಸ್ ಈಜುದಿಲ್ಲ ಅಲ್ದಾ?”

ಸುತ್ತಲಿದ್ದವರು ಮೆಲ್ಲನೆ ನಕ್ಕರು. ಮಂಜಯ್ಯನು ಎದ್ದು ನಿಂತು ಕೈ ಮುಗಿದನು. ಏಕೆ ನಿಲ್ಲಿಸಲಿಲ್ಲವೆಂದು ಕೇಳಿದಾಗ ಅವನ ನಾಲಗೆಯ ತುದಿಗೆ ಕಿಟ್ಟನ ಹೆಸರು ಬಂತು. ನುಂಗಿಕೊಂಡನು. ಅಂಗೈಯ ಮಾತನ್ನು ಠಾಣೆಯಲ್ಲಿ ಬಿಚ್ಚಿದರೆ ಕಿಟ್ಟನೊಬ್ಬನೇ ಸಿಕ್ಕುವುದಲ್ಲ. ಆ ರಸ್ತೆಯ ಡ್ರೈವರರೆಲ್ಲರ ಕೈಗೂ ಕೋಳ ಬಂದಂತೆ. ಪಾಪ, ಕಿಟ್ಟನಿಗೂ ದೂರದಿಂದ ಗುರುತು ತಪ್ಪಿರಬೇಕು. “ತಪ್ಪಾಯ್ತ್ ಸ್ವಾಮಿ” ಎಂದಷ್ಟೇ ಹೇಳಿದನು. ದಫೇದಾರರು ಅಷ್ಟನ್ನೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿ, ಅದರ ಕೆಳಗೆ ಸಹಿಯನ್ನೂ ಹಾಕಿಸಿಕೊಂಡರು.

ಕುಂದಾಪುರದ ವಕೀಲ ವೈಕುಂಠ ಹೊಳ್ಳರು ಆ ಕಾಗದವನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂತ ಮಂಜಯ್ಯ ಇದ್? ಐವತ್ ಜನ ತುಂಬಿದ್ದಕ್ಕೆ ದಂಡ ಕಟ್ಟಿ ಮನೆಗೆ ಹೋಯ್ಲಕ್ಕಿತ್ತ್. ಪೊಲೀಸ ಕೈ ಎತ್ತಿದ್ರೂ ನಿಲ್ಸದ್ದೆ ಹೋದ್ದಕ್ಕೆ ಒಂದ್ ಕಲಮು. ಜೀವಕ್ಕೆ ಅಪಾಯ ಆಪ್ಪ ಹಾಂಗೆ ಓಡ್ಸಿದ್ದಕ್ಕೆ ಇನ್ನೊಂದ್. ಸರಕಾರಿ ಮನುಷ್ಯನಿಗೆ ಗಾಯ, ಅದ್ ಮತ್ತೊಂದ್. ನಿಂತಿದ್ರೆ ಇದ್ಯಾವುದೂ ಇಲ್ಲ. ಈಗ ಜೈಲೂ ಇತ್ತ್, ಲೈಸನ್ಸೂ ಹೋತ್ತ್.”

ಲೈಸನ್ಸು ಎಂದೊಡನೆ ಮಂಜಯ್ಯನು ಎಲ್ಲವನ್ನೂ ಹೇಳಿಬಿಟ್ಟನು. ಹೊಳ್ಳರು ಕನ್ನಡಕವನ್ನು ಮತ್ತೆ ಏರಿಸಿದರು. ಕಳ್ಳ ಖಾಕಿಗಳ ಮೇಲೆ ಠಾಣೆಗೆ ಮೂರು ದೂರು ಬಂದಿರುವುದು ಅವರಿಗೆ ಗೊತ್ತಿತ್ತು. ಪೇದೆಯನ್ನು ಆ ತಿರುವಿನಲ್ಲಿ ನಿಲ್ಲಿಸಿದ್ದೇ ಆ ದೂರುಗಳ ಮೇಲೆ. “ಹಾಂಗಾದ್ರೆ ನೀನ್ ಪೊಲೀಸರಿಂದ ಓಡಿದ್ದಲ್ಲ, ಕಳ್ಳರಿಂದ ಓಡಿದ್ದ್. ಅದನ್ನ್ ಕೋರ್ಟ್ ನಂಬ್ಕಾರೆ ಸನ್ನೆ ಮಾಡಿದವನೇ ಬಂದ್ ಹೇಳ್ಕ್. ನಿನ್ನ ಬಾವ ಬತ್ನಾ?”

“ಬತ್ತ. ಬಾರದ್ದೆ ಎಂತ?”

ಆ ರಾತ್ರಿಯ ಊಟಕ್ಕೆ ಕಿಟ್ಟನು ಬಂದನು. ಎಂದಿನಂತೆ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡನು. ಮಂಜಯ್ಯನು ವಿಷಯ ಹೇಳಿದಾಗ ತಟ್ಟೆಯ ಅನ್ನವನ್ನು ಸ್ವಲ್ಪ ಹೊತ್ತು ಬೆರಳಿನಿಂದ ಕಲಸುತ್ತಿದ್ದನು.

“ಹೇಳ್ತೆ” ಎಂದನು. “ನನ್ನ ಕಣ್ಣ್ ತಪ್ಪಿದ್ದ್, ನಾನೇ ಹೇಳ್ತೆ. ಅದಕ್ಕೆಂತ?”

“ಅಣ್ಣ, ಒಲೆ ಮುಂದೆ ಕೂತ್ ಹೇಳ್ತಾ ಇದ್ದೆ, ನೆನ್ಪಿರ್ಲಿ” ಎಂದಳು ಸರಸ.

“ಎಂತ ಹೆಣ್ಣೆ, ನಂಗೆ ಆಣೆ ಹಾಕ್ಸ್ತ್ಯಾ? ಸಾರ್ ಬಡ್ಸ್, ಸಾರ್ ಬಡ್ಸ್.”

ಏಪ್ರಿಲಿನಲ್ಲಿ ಕೇಸು ವಿಚಾರಣೆಗೆ ಬಂತು. ಕೋರ್ಟಿನ ತುಂಬ ಡ್ರೈವರರು, ಕಂಡಕ್ಟರರು. ಮೊದಲು ಪೇದೆಯು ಕಟಕಟೆ ಹತ್ತಿದನು. ಪಾಟೀಸವಾಲಿನಲ್ಲಿ ಹೊಳ್ಳರು ಅವನನ್ನು ಕೇಳಿದರು: ಆ ಬೆಳಗ್ಗೆ ನೀವು ನಿಜವಾದ ಪೊಲೀಸರೆಂದು ಆ ದಾರಿಯವರಿಗೆ ತಿಳಿಯುವುದು ಹೇಗೆ?

“ತಿಳಿಯದೆ ಏನು ಸ್ವಾಮಿ? ಇವರಿಗಿಂತ ಹತ್ತು ನಿಮಿಷ ಮುಂಚೆ ಕಡವಿನಿಂದ ಬಂದ ಬಸ್ಸನ್ನು ನಿಲ್ಲಿಸಿದೆ. ಡ್ರೈವರ್ ಇಳಿದು ಬಂದು ಲೈಸನ್ಸು ತೋರಿಸಿದರು. ಬೀಡಿ ಕೊಟ್ಟರು. ಕಳ್ಳರು ಸಿಕ್ಕಿದರಾ ಎಂದು ಅವರೇ ವಿಚಾರಿಸಿದರು.”

“ಯಾವ ಬಸ್ಸು?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಪೇದೆಯು ತನ್ನ ಪುಸ್ತಕ ತೆರೆದು ನಂಬರು ಓದಿದನು. ಕಿಟ್ಟನ ಬಸ್ಸಿನ ನಂಬರು.

ಹೊಳ್ಳರು ತಿರುಗಿ ಮಂಜಯ್ಯನ ಮುಖ ನೋಡಿದರು. ಮಂಜಯ್ಯನು ಅವರನ್ನು ನೋಡಲಿಲ್ಲ. ಲೆಕ್ಕ ತಪ್ಪಿದ ಶಾಲೆಯ ಹುಡುಗನಂತೆ ಅವನು ಮನಸ್ಸಿನೊಳಗೆ ಮತ್ತೆ ಮೊದಲಿನಿಂದ ಕೂಡಿಸುತ್ತಿದ್ದನು. ಕಿಟ್ಟನು ಇಳಿದಿದ್ದನು. ಲೈಸನ್ಸು ತೋರಿಸಿದ್ದನು. ಬೀಡಿ ಕೊಟ್ಟಿದ್ದನು. ಆಮೇಲೆ ಬಸ್ಸು ಹತ್ತಿ, ಒಂದು ಮೈಲಿ ಬಂದು, ಸಾಲಿಗ್ರಾಮದಲ್ಲಿ ಖಾಲಿ ಅಂಗೈಯನ್ನು ಎರಡು ಸಲ ಮಗುಚಿದ್ದನು. ಎಷ್ಟು ಸಲ ಕೂಡಿಸಿದರೂ ಕಣ್ಣು ತಪ್ಪಿತೆಂಬ ಉತ್ತರ ಬರಲಿಲ್ಲ. ಆದರೂ ಅವನ ಮನಸ್ಸು ಒಂದು ಸಣ್ಣ ಜಾಗ ಉಳಿಸಿಕೊಂಡಿತ್ತು: ಈಗ ಮೇಲೆ ಹತ್ತುತ್ತಾನೆ, ಏನೋ ಒಂದು ಕಾರಣ ಹೇಳುತ್ತಾನೆ.

ಕಿಟ್ಟನು ಹತ್ತಿದನು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದನು.

“ಆ ದಿನ ಎದುರಿನ ಬಸ್ಸಿನ ಡ್ರೈವರನಿಗೆ ಕೈಸನ್ನೆ ಮಾಡಿದಿರಾ?” ಎಂದು ಹೊಳ್ಳರು ಕೇಳಿದರು.

“ಕೈ ಹೊರಗೆ ಹಾಕಿದ್ದ್ ಹೌದ್ ಸ್ವಾಮಿ. ಒಂದ್ ನೊಣ ಬಂದ್ ಕೂತಿತ್ತ್. ಓಡ್ಸಿದೆ.”

“ಎರಡು ಸಲ?”

“ನೊಣ ಮತ್ತೆ ಬಂತ್ ಸ್ವಾಮಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಜವಾನನು ಗದರಿಸಿದನು. ಮಂಜಯ್ಯನು ಕಿಟ್ಟನ ಮುಖವನ್ನು ನೋಡದೆ ಅವನ ಕೈಗಳನ್ನೇ ನೋಡುತ್ತಿದ್ದನು. ಅವು ಕಟಕಟೆಯ ಮರವನ್ನು ಭದ್ರವಾಗಿ ಹಿಡಿದುಕೊಂಡಿದ್ದವು. ಹದಿಮೂರು ವರ್ಷಗಳ ಹಿಂದೆ ಅವನಿಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ ಕೈಗಳು ಅವೇ.

ತೀರ್ಪನ್ನು ಅಂದೇ ಓದಿದರು. ಮ್ಯಾಜಿಸ್ಟ್ರೇಟರು ಒಳ್ಳೆಯವರೇ, ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. “ಆರೋಪಿಯು ಮೂರು ಮೈಲಿಯಾಚೆ ತಾನಾಗಿ ನಿಂತಿದ್ದನೆಂದು ಅವನ ವಕೀಲರು ಹೇಳುತ್ತಾರೆ. ಹೊಳೆಗೆ ನಿಂತದ್ದನ್ನು ಕಾನೂನು ಕೇಳುವುದಿಲ್ಲ. ಪೊಲೀಸನ ಕೈಗೆ ನಿಂತನೇ ಎಂಬುದಷ್ಟೇ ಪ್ರಶ್ನೆ. ಸನ್ನೆಯ ಕಥೆಯನ್ನು ಠಾಣೆಯಲ್ಲಿ ಹೇಳಿಲ್ಲ. ಇಲ್ಲಿ ಅದಕ್ಕೆ ಸಾಕ್ಷಿಯೂ ಇಲ್ಲ.” ಒಂದು ತಿಂಗಳ ಸಾದಾ ಸಜೆ, ಎರಡು ವರ್ಷಗಳ ಕಾಲ ಲೈಸನ್ಸು ರದ್ದು. ಎತ್ತಿದ ಕೈಗಳಿಗೆಲ್ಲ ನಿಂತ ಮನುಷ್ಯನು ಎತ್ತಿದ ಒಂದು ಕೈಗೆ ನಿಲ್ಲದ್ದಕ್ಕಾಗಿ ಎದೆಯಿಂದ ಬಿಲ್ಲೆಯನ್ನು ಬಿಚ್ಚಿ ಕಾರಕೂನರ ಮೇಜಿನ ಮೇಲೆ ಇಟ್ಟನು. ಸೂಜಿ ಅಂಗಿಗೆ ಸಿಕ್ಕಿಕೊಂಡು ಬಟ್ಟೆ ಸ್ವಲ್ಪ ಹರಿಯಿತು.

ಜೈಲಿನಲ್ಲಿ ಅವನಿಗೆ ಯಾರೂ ತೊಂದರೆ ಕೊಡಲಿಲ್ಲ. ಅಂಗಳ ಗುಡಿಸುವ ಕೆಲಸ ಕೊಟ್ಟಿದ್ದರು, ಗುಡಿಸಿದನು. ಮೂರನೆಯ ವಾರ ಶೀನನು ನೋಡಲು ಬಂದನು. ಬಾಳೆಹಣ್ಣು ಕೊಟ್ಟನು. ಬಸ್ಸಿನ ಸುದ್ದಿಯೊಂದನ್ನು ಬಿಟ್ಟು ಊರಿನ ಸುದ್ದಿಯನ್ನೆಲ್ಲ ಹೇಳಿದನು.

“ಹೇಳ್ ಶೀನ. ಹೊಸ ಬಸ್ಸ್ ಬಂತಾ?”

“ಬಂತ್ ಮಂಜಯ್ಯಣ್ಣ.”

“ಕಿಟ್ಟನೇ ಅಲ್ದಾ?”

ಶೀನನು ತಲೆಯಾಡಿಸಿದನು. “ಸೌಕಾರ್ರ್ ಹೇಳಿದ್ರ್, ಅವ್ನ್ ಕೇಸ್ ಸಣ್ಣದ್, ನಿಮ್ದ್ ದೊಡ್ಡದ್ ಅಂದೇಳಿ. ಹೂವಿನ ಮಾಲೆ ಹಾಕಿ, ಕಾಯಿ ಒಡೆದ್ ಹೊರಟ್ರ್. ಸರಸಕ್ಕನಿಗೆ ಗೊತ್ತಿತ್ತ್. ನಿಮ್ಗೆ ಹೇಳ್ಬ್ಯಾಡ ಅಂದಿದ್ರ್.”

ಬಿಡುಗಡೆಯಾಗಿ ಮನೆಗೆ ಬಂದ ಎಂಟನೆಯ ದಿನ ಕಿಟ್ಟನು ಬಂದನು. ಸಂಜೆಯ ಹೊತ್ತು. ಮಂಜಯ್ಯನು ಜಗಲಿಯಲ್ಲಿ ಕುಳಿತು ಬುಟ್ಟಿ ಹೆಣೆಯುತ್ತಿದ್ದನು. ಕಿಟ್ಟನು ಅಂಗಳ ದಾಟಿ, ಚಪ್ಪಲಿ ಕಳಚಿ, ಅಭ್ಯಾಸಬಲದಿಂದ ಒಳಗೆ ಕಾಲಿಡಹೊರಟನು. ಬಾಗಿಲಿನಲ್ಲಿ ಸರಸ ನಿಂತಿದ್ದಳು. ಅವನು ಹೊಸ್ತಿಲಲ್ಲೇ ನಿಂತನು. ಅವಳು ಒಳಗೆ ಹೋಗಿ, ಒಂದು ಚೊಂಬು ನೀರನ್ನೂ ತಟ್ಟೆಯಲ್ಲಿ ಒಂದು ತುಂಡು ಬೆಲ್ಲವನ್ನೂ ತಂದು ಜಗಲಿಯ ತುದಿಯಲ್ಲಿಟ್ಟು, ಕುಳಿತುಕೊಳ್ಳಲು ಚಾಪೆ ಬಿಡಿಸಿದಳು. ದಾರಿಯಲ್ಲಿ ಹೋಗುವ ಅಪರಿಚಿತರು ಬಿಸಿಲಿಗೆಂದು ಬಂದರೆ ಆ ಊರಿನ ಮನೆಗಳಲ್ಲಿ ಹಾಗೆಯೇ ಇಡುತ್ತಾರೆ.

“ಕೂಕಣಿ” ಎಂದಳು. ಹುಟ್ಟಿದಂದಿನಿಂದ ಅಣ್ಣನನ್ನು ಅವಳು ಬಹುವಚನದಲ್ಲಿ ಕರೆದವಳಲ್ಲ.

ಕಿಟ್ಟನು ಚಾಪೆಯ ಮೇಲೆ ಕುಳಿತನು. ಬೆಲ್ಲವನ್ನು ಮುಟ್ಟಲಿಲ್ಲ.

“ಬಾವ, ಟೊಪ್ಪಿ ಕಂಡ್ ನೀನ್ ನಿಲ್ಸ್ತೆ, ದಂಡದಲ್ಲಿ ಮುಗಿತ್ತ್ ಅಂದ್ಕಂಡೆ” ಎಂದನು. “ಒಂದ್ ಸಣ್ಣ ಕೇಸ್ ನಿನ್ನ ಲೈಸನ್ಸಿಗೆ ಬಿದ್ರೆ ಇಬ್ರೂ ಸಮ ಆತ್ರ್, ಹಿರಿಯವ ನಾನ್, ಬಸ್ಸ್ ನಂಗೆ ಬತ್ತ್ ಅಂದ್ಕಂಡೆ. ನೀನ್ ಪೊಲೀಸನ ಮೇಲೆ ಹಾಯ್ಸ್ತೆ ಅಂದೇಳಿ ನಂಗೆಂತ ಕನಸಾ? ಕೋರ್ಟಲ್ಲಿ ಹೇಳಿದ್ರೆ ನಂಗೇ ಜೈಲ್ ಆತಿತ್ತ್.”

ಮಂಜಯ್ಯನು ಬುಟ್ಟಿಯ ಬೆತ್ತವನ್ನು ಎಳೆದು ಬಿಗಿ ಮಾಡಿದನು.

“ಆ ಬಸ್ಸ್ ಬೇಕ್ ಅಂದೇಳಿ ನೀನ್ ನನ್ನ ಹತ್ರ ಒಂದ್ ಮಾತ್ ಕೇಂಡಿದ್ರೆ ನಾನೇ ಸೌಕಾರ್ರ ಹತ್ರ ಹೋಯಿ ಬ್ಯಾಡ ಅಂತಿದ್ದೆ, ಬಾವ. ನಂಗೆ ಕೈ ಹಿಡ್ದ್ ಕಲ್ಸಿದವ ನೀನ್. ಕೇಣ್ಲಿಲ್ಲ ಅಲ್ದಾ.”

ಬಯ್ದಿದ್ದರೆ ಕಿಟ್ಟನು ತಿರುಗಿ ಬಯ್ಯಲು ಸಿದ್ಧವಾಗಿ ಬಂದಿದ್ದನೋ ಏನೋ. ಚೊಂಬಿನ ನೀರನ್ನೂ ಮುಟ್ಟದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದನು. ಅವನು ಗೇರುಮರಗಳ ಆಚೆ ಮರೆಯಾದ ಮೇಲೆ ಸರಸ ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋಗಿ ಅತ್ತಳು. ಮಂಜಯ್ಯನು ಬುಟ್ಟಿಯನ್ನು ಪೂರ್ತಿ ಮಾಡಿದನು. ಅದು ಓರೆಯಾಗಿತ್ತು, ಬಿಚ್ಚಿ ಮತ್ತೆ ಹೆಣೆದನು.

ಲೈಸನ್ಸು ಹೋದದ್ದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಹೆಸರು. ಕೋಟೇಶ್ವರದ ಅಂಗಡಿಗಳಲ್ಲಿ ಅವನಿಗೆ ‘ಓಡಿಹೋದ ಮಂಜಯ್ಯ’ ಎಂದು ಹೆಸರಾಯಿತು. “ಎಲ್ಲಿಗ್ ಓಡುಕೆ ಹೊರಟದ್ದ್ ಮಾರಾಯ, ಹೊಳಿಗ್ ಹಾರುಕಾ?” ಎಂದು ಕೇಳಿ ನಗುವವರಿದ್ದರು. ಅವನ ಬಸ್ಸಿಗಾಗಿ ಕೈ ಎತ್ತಿ ಉಪಕಾರ ಪಡೆದವರೂ ಆ ನಗುವಿನಲ್ಲಿ ಸೇರುತ್ತಿದ್ದರು. ಎರಡು ವರ್ಷ ಗದ್ದೆಯಲ್ಲಿ ದುಡಿದನು, ಗೇರುಬೀಜದ ಕಾರ್ಖಾನೆಯಲ್ಲಿ ಮೂಟೆ ಹೊತ್ತನು. ರದ್ದಿನ ಅವಧಿ ಮುಗಿದು ಲೈಸನ್ಸು ಕೈಗೆ ಬಂದಾಗ ಅದರ ಹಾಳೆಯಲ್ಲಿ ಕೆಂಪು ಶಾಯಿಯ ನಾಲ್ಕು ಸಾಲುಗಳಿದ್ದವು. ಮೂರು ಮಂದಿ ಬಸ್ಸಿನ ಮಾಲಕರು ಆ ಸಾಲುಗಳನ್ನು ಓದಿ ಪುಸ್ತಕವನ್ನು ಹಿಂದಕ್ಕೆ ಕೊಟ್ಟರು.

೧೯೬೩ರಲ್ಲಿ ಲೋಕೋಪಯೋಗಿ ಇಲಾಖೆಯವರಿಗೆ ರಸ್ತೆ ರೋಲರು ನಡೆಸುವವರು ಬೇಕೆಂದು ತಿಳಿದಾಗ ಅರ್ಜಿ ಬರೆದುಕೊಟ್ಟವರು ಕೋಟದ ಮಾಸ್ತರರು. ಕೇಸಿನ ವಿಷಯವನ್ನು ಅರ್ಜಿಯಲ್ಲಿ ಬಿಡೋಣವೇ ಎಂದು ಅವರು ಕೇಳಿದರು. “ಬ್ಯಾಡ ಮಾಸ್ಟ್ರೆ, ಬರೀನಿ. ಬಚ್ಚಿಟ್ಟ್ ಆಪ್ದ್ ಎಂತ ಇತ್ತ್?” ಎಂದನು ಮಂಜಯ್ಯ. ಇಂಜಿನಿಯರರು ಅದನ್ನು ಓದಿ ಗಟ್ಟಿಯಾಗಿ ನಕ್ಕರು. “ಪೊಲೀಸರಿಂದ ತಪ್ಪಿಸಿ ಓಡಿದವನೇ? ಸೇರಿಸಿಕೊಳ್ಳಿ. ಗಂಟೆಗೆ ಮೂರು ಮೈಲಿ ಹೋಗುವ ಗಾಡಿಯಲ್ಲಿ ಇವನು ಎಲ್ಲಿಗೆ ಓಡುತ್ತಾನೆ ನೋಡೋಣ!” ಅಲ್ಲಿದ್ದ ಗುಮಾಸ್ತರೂ ನಕ್ಕರು. ಮಂಜಯ್ಯನು ಕೈಕಟ್ಟಿ ನಿಂತು ಕೆಲಸ ಪಡೆದುಕೊಂಡು ಬಂದನು.

ಈಗ ಅದಕ್ಕೂ ಒಂಬತ್ತು ವರ್ಷವಾಯಿತು. ಮಾಬುಕಳಕ್ಕೆ ಸೇತುವೆ ಬಂದಿದೆ. ಮಂಜಯ್ಯನಿಗೆ ಕಿವಿಯ ಮೇಲೆ ಕೂದಲು ನರೆತಿದೆ. ಈ ವರ್ಷ ನಾವುಂದದಿಂದ ಬೈಂದೂರಿನ ಕಡೆಗೆ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದೆ. ಬೆಳಗ್ಗೆ ಆರಕ್ಕೆ ಬಾಯ್ಲರಿಗೆ ಬೆಂಕಿ ಹಾಕುತ್ತಾನೆ. ಎಂಟಕ್ಕೆ ಉಗಿ ಏರುತ್ತದೆ. ಜಲ್ಲಿ ಹಾಸಿದ ಮೇಲೆ ಹಿಂದಕ್ಕೂ ಮುಂದಕ್ಕೂ ರೋಲರು ಆಡುತ್ತದೆ. ಕಿಟ್ಟನ ಬಸ್ಸು ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಹಾದುಹೋಗುತ್ತದೆ. ಮೊದಲ ತಿಂಗಳು ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಸನ್ನೆ ಮಾಡುತ್ತಿದ್ದನು. ಮಂಜಯ್ಯನ ಎರಡು ಕೈಗಳೂ ರೋಲರಿನ ಸ್ಟಿಯರಿಂಗ್ ಚಕ್ರದ ಮೇಲೆಯೇ ಇರುತ್ತಿದ್ದವು. ಈಗ ಕಿಟ್ಟನೂ ಕೈ ಹೊರಗೆ ಹಾಕುವುದಿಲ್ಲ.

ರೋಲರನ್ನು ರಸ್ತೆಯ ಆಚೆ ಬದಿಗೆ ದಾಟಿಸುವಾಗ ವಾಹನಗಳನ್ನು ತಡೆಯಲು ಕೆಂಪು ಬಾವುಟ ಹಿಡಿದು ಮುಂದೆ ನಿಲ್ಲುವವನು ಕೊರಗನೆಂಬ ಆಳು. ಮಂಜಯ್ಯನಷ್ಟೇ ವಯಸ್ಸಿನವನು, ಸುಳ್ಳು ಹೇಳಿ ಗೊತ್ತಿಲ್ಲದವನು. ಎರಡು ಕಡೆಯನ್ನೂ ನೋಡಿ, ಬಾವುಟ ಇಳಿಸಿ, ಬನ್ನಿ ಎಂದು ಕೈ ಬೀಸುತ್ತಾನೆ. ಮಂಜಯ್ಯನು ಬರುವುದಿಲ್ಲ. ಬ್ರೇಕನ್ನು ಬಿಗಿದು, ಮೆಟ್ಟಿಲು ಹಿಡಿದು ಮೆಲ್ಲನೆ ಕೆಳಗಿಳಿದು, ರಸ್ತೆಯ ನಡುವೆ ನಿಂತು ಒಮ್ಮೆ ಉತ್ತರಕ್ಕೂ ಒಮ್ಮೆ ದಕ್ಷಿಣಕ್ಕೂ ನೋಡುತ್ತಾನೆ.

“ನಾನ್ ಕಂಡೇ ಹೇಳಿದ್ದ್ ಮಂಜಯ್ಯಣ್ಣ” ಎಂದು ಕೊರಗನು ದಿನಕ್ಕೆ ಹತ್ತು ಸಲ ಬೇಸರಿಸುತ್ತಾನೆ. “ಒಂದ್ ನಾಯಿಯೂ ಬತ್ತಿಲ್ಲ. ಎಂತಕೆ ಸುಮ್ಮನೆ ಇಳಿತ್ರಿ, ಮೊಣಕಾಲ್ ನೋಯಿಸ್ಕಂಡ್?”

“ನೀನ್ ಕಂಡದ್ದ್ ಸಮವೇ ಮಾರಾಯ” ಎನ್ನುತ್ತಾನೆ ಮಂಜಯ್ಯ, ಸಿಟ್ಟಿಲ್ಲದೆ. “ನಾನೂ ಒಂದ್ಸಲ ಕಾಣ್ತೆ.”

ನೋಡಿದ ಮೇಲೆ ಮತ್ತೆ ಮೇಲೆ ಹತ್ತಿ, ಬ್ರೇಕು ಸಡಿಲಿಸಿ, ರೋಲರನ್ನು ಆಚೆ ಬದಿಗೆ ದಾಟಿಸುತ್ತಾನೆ.